ಸಾಂಬ್ರಾಣಿ ಹಾಕಿದ ರೋಸ್ಟ್

ಅಮೆರಿಕದ ಈ ಸ್ನೊಕ್ವಾಲ್ಮಿಯಲ್ಲಿ ಬಿಸಿಲು ಬಿದ್ದ ಮೊದಲ ಶನಿವಾರ ಎಲ್ಲರ ಹಿತ್ತಲಲ್ಲೂ ಗ್ರಿಲ್ಲುಗಳಿಗೆ ಜೀವ ಬರುತ್ತದೆ. ಮಳೆಯುದ್ದಕ್ಕೂ ಕಪ್ಪು ಹೊದಿಕೆ ಹೊದ್ದು ಮೂಲೆಯಲ್ಲಿ ಬಿದ್ದಿದ್ದವನ್ನು ಎಳೆದು ತಂದು, ಜೇಡರ ಬಲೆ ಕೊಡವಿ, ಗ್ಯಾಸ್ ತಿರುಗಿಸುತ್ತಾರೆ. ಹೋದ ತಿಂಗಳೂ ಹಾಗೇ ಆಯಿತು. ಪಕ್ಕದ ಮನೆಯ ಮುದುಕ ದಿಂಬಿನಂಥ ಒಂದು ಮಾಂಸದ ತುಂಡನ್ನು ಗ್ರಿಲ್ಲಿನ ಮೇಲಿಟ್ಟು ನನ್ನತ್ತ ಕೈ ಬೀಸಿದ. ನಾನೂ ಬೀಸಿದೆ. ಹೊಗೆ ಬೇಲಿ ದಾಟಿ ಬಂತು. ಆಮೇಲೆ, ನೀವು ನಗಬಾರದು, ನಾನು ಒಳಗೆ ಬಂದು ನನ್ನ ಅಂಗಿಯ ತೋಳನ್ನು ಮೂಸಿ ನೋಡಿಕೊಂಡೆ.

ನಲವತ್ತರ ಹೊಸ್ತಿಲಲ್ಲಿರುವ, ಮುಂದಲೆ ಖಾಲಿಯಾಗುತ್ತಿರುವ ಗಂಡಸೊಬ್ಬ ತನ್ನದೇ ಅಡುಗೆಮನೆಯಲ್ಲಿ ನಿಂತು ತನ್ನ ತೋಳನ್ನು ತಾನೇ ಮೂಸುವ ದೃಶ್ಯ ಅಷ್ಟೇನೂ ಚೆನ್ನಾಗಿರುವುದಿಲ್ಲ. ಆದರೆ ಇದು ಚಿಕ್ಕಂದಿನ ಚಾಳಿ. ನಾವು ನಂಜನಗೂಡಿನ ಕಡೆಯ ದಲಿತರು. ಅಪ್ಪನಿಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿದಾಗ ಓನರಮ್ಮನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ಓನರಮ್ಮನ ಮನೆಯವರು ಮೊಟ್ಟೆಯನ್ನೂ ಮುಟ್ಟದ ಜನ. 'ನಾವೂ ಅಷ್ಟೇ ತಾಯಿ' ಎಂದು ಹೇಳಿಯೇ ಅವ್ವ ಆ ಮನೆ ಹಿಡಿದಿದ್ದಳು. ಭಾನುವಾರ ಅಪ್ಪ ಚೀಲದೊಳಗೊಂದು ಚೀಲವಿಟ್ಟು, ಮೇಲೆ ಕೊತ್ತಂಬರಿ ಸೊಪ್ಪು ಇಣುಕುವಂತೆ ಜೋಡಿಸಿ, ದೊಡ್ಡದನ್ನು ತರುತ್ತಿದ್ದ. ಚಿಕ್ಕದು ಎಂದರೆ ಕುರಿ, ದೊಡ್ಡದು ಎಂದರೆ ದನ. ನಮ್ಮ ಮನೆಯಲ್ಲಿ ಅದನ್ನು ಪೂರ್ತಿ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಪಾತ್ರೆ ಒಲೆಗೇರಿದ ಕೂಡಲೇ ಅವ್ವ ಕಿಟಕಿ ಹಾಕಿ, ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಮನೆ ತುಂಬ ಹೊಗೆ ಎಬ್ಬಿಸುತ್ತಿದ್ದಳು. 'ಎಂಥ ದೈವಭಕ್ತರಪ್ಪ ಇವರು' ಎಂದು ಓನರಮ್ಮ ಬೀದಿಯವರ ಮುಂದೆಲ್ಲ ಹೊಗಳುತ್ತಿದ್ದರು. ನಮ್ಮ ಭಕ್ತಿಯೆಲ್ಲ ಭಾನುವಾರದ ಮಧ್ಯಾಹ್ನಕ್ಕೆ ಮೀಸಲು ಎಂಬುದನ್ನು ಆಕೆ ಗಮನಿಸಿದಂತಿರಲಿಲ್ಲ. ಸೋಮವಾರ ನಾನು ಶಾಲೆಗೆ ಹೊರಡುವ ಮೊದಲು ಅವ್ವ ನನ್ನ ಅಂಗಿಯನ್ನು ಮೂಸಿ ನೋಡಿ, ಒಪ್ಪಿಗೆಯಾದರೆ ಮಾತ್ರ ತೊಡಿಸುತ್ತಿದ್ದಳು.

ಹಾಗೆ ಮೂಸಿಸಿಕೊಂಡು ಬೆಳೆದವನು ಎರಡು ಸಾವಿರದ ಹನ್ನೆರಡರ ಹೊತ್ತಿಗೆ ಬೆಲ್ವ್ಯೂನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದೆ. ಮನೆ ಅದೇ ಊರಿನ ಕ್ರಾಸ್‌ರೋಡ್ಸ್ ಬಡಾವಣೆಯ ಒಂದು ಅಪಾರ್ಟ್‌ಮೆಂಟು. ಸಂಜೆ ಮೆಟ್ಟಿಲು ಹತ್ತಿದರೆ ಒಂದು ಬಾಗಿಲಿನಿಂದ ಸಾಸಿವೆ ಒಗ್ಗರಣೆ, ಇನ್ನೊಂದರಿಂದ ಇಂಗು, ಮತ್ತೊಂದರಿಂದ ಗೋಂಗೂರ; ಅಮೆರಿಕ ಎಲ್ಲಿದೆ ಎಂದು ಹುಡುಕಬೇಕು. ಅದು ಇದ್ದದ್ದು ಕೆಳಗಿನ ಅಂಗಳದಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ. ಅಲ್ಲಿ ಎಲ್ಲ ಬಾಡಿಗೆದಾರರಿಗೂ ಸೇರಿದ ಒಂದು ಗ್ಯಾಸ್ ಗ್ರಿಲ್ ಇತ್ತು. ಬೇಸಿಗೆಯ ಶನಿವಾರಗಳಂದು ನಾನು ಅದರ ಅರ್ಚಕ.

ಆ ಪಟ್ಟ ಕಟ್ಟಿದವನು ನನ್ನ ಗೆಳೆಯ ಶ್ರೀನಿಧಿ. ಬಸವನಗುಡಿಯವನು, ನನ್ನ ಮೇಲಿನ ಮಹಡಿಯಲ್ಲಿ ಹೆಂಡತಿ ವಿದ್ಯಾಳೊಂದಿಗೆ ಇದ್ದ. ಅವನ ಮನೆಯಲ್ಲಿ ಈರುಳ್ಳಿಗೂ ಕೆಲವು ದಿನ ರಜೆ. ಆಫೀಸಿನ ಊಟದಲ್ಲಿ ಯಾವಾಗಲೋ ಬೀಫಿನ ರುಚಿ ಹತ್ತಿಸಿಕೊಂಡಿದ್ದ, ಅದಕ್ಕೊಂದು ಶಾಸ್ತ್ರವನ್ನೂ ಮಾಡಿಕೊಂಡಿದ್ದ. "ನಮ್ಮೂರ ಹಸುಗೆ ಡುಬ್ಬ ಇರತ್ತೆ ಗುರು. ಇದಕ್ಕಿಲ್ಲ. ಅಂದ್ಮೇಲೆ ಇದು ಗೋವಲ್ಲ, ಬರೀ ಕೌ!" ಎನ್ನುತ್ತಿದ್ದ. ಆದರೆ ಹೆಂಡತಿಯ ಮುಂದೆ ಈ ಶಾಸ್ತ್ರವನ್ನು ಮಂಡಿಸುವ ಎದೆಗಾರಿಕೆ ಇರಲಿಲ್ಲ. ಹೆಂಗಸರ ಮಟ್ಟಿಗೆ ಗ್ರಿಲ್ಲಿನ ಮೇಲಿದ್ದದ್ದು ಚಿಕನ್. ನಮ್ಮ ನಮ್ಮಲ್ಲಿ ಅದರ ಹೆಸರು, ಬೀಫಿನ ಮೊದಲೆರಡು ಇಂಗ್ಲಿಷ್ ಅಕ್ಷರ ಹಿಡಿದು, ಬಿ.ಇ. ಎಲ್ಲರೂ ಎಂಜಿನಿಯರುಗಳೇ ಆದ್ದರಿಂದ ಯಾರ ಮುಂದೆ ಬೇಕಾದರೂ ಆಡಬಹುದಾದ ಮಾತು. "ಈ ವಾರ ಬಿ.ಇ. ಮಾಡೋಣ್ವಾ?" "ನಂಗೆ ಸೆಕೆಂಡ್ ಸೆಮ್ ಸಾಕು," ಅಂದರೆ ಒಳಗೆ ಕೆಂಪಗಿರಲಿ. "ನಂಗೆ ಫೈನಲ್ ಇಯರ್," ಅಂದರೆ ಪೂರ್ತಿ ಬೇಯಲಿ. ಬೆಂದು ಬೆಂದು ಚಕ್ಕಳವಾದರೆ ಅದಕ್ಕೆ ಪಿಎಚ್‌.ಡಿ. ಎಂದು ಹೆಸರು.

ಮೊದಮೊದಲು ನಾನೂ ಚಕ್ಕಳವನ್ನೇ ಮಾಡುತ್ತಿದ್ದೆ. ಆಮೇಲೆ ವಿಡಿಯೋ ನೋಡಿ ನೋಡಿ ಕೈ ಪಳಗಿತು. ಹಿಂದಿನ ದಿನವೇ ತುಂಡಿಗೆ ಉಪ್ಪು ತಿಕ್ಕಿ ಫ್ರಿಜ್ಜಿನಲ್ಲಿಡಬೇಕು. ಗ್ರಿಲ್ಲಿನ ಒಂದು ಬದಿಯ ಉರಿಯನ್ನಷ್ಟೇ ಹಚ್ಚಿ, ಮೊದಲು ಆ ಉರಿಯ ಮೇಲೆ ಎಲ್ಲ ಮಗ್ಗುಲನ್ನೂ ಕಂದು ಬರುವಂತೆ ಸುಟ್ಟು, ಆಮೇಲೆ ಉರಿ ಇಲ್ಲದ ಬದಿಗೆ ಸರಿಸಿ, ಮುಚ್ಚಳ ಹಾಕಿ, ಸುಮ್ಮನಿರಬೇಕು. ಸುಮ್ಮನಿರುವುದೇ ಇದರಲ್ಲಿ ಕಷ್ಟದ ಭಾಗ. ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡಿದರೆ ಬಿಸಿಯೆಲ್ಲ ಹೋಗಿಬಿಡುತ್ತದೆ. ಕೊನೆಗೆ ಇಳಿಸಿ, ಫಾಯಿಲ್ ಹೊದಿಸಿ, ಸ್ವಲ್ಪ ಹೊತ್ತು ಮಲಗಿಸಿ, ತೆಳ್ಳಗೆ ಅಡ್ಡ ಕೊಯ್ಯಬೇಕು. "ನಿನ್ನ ಕೈಗೆ ಹೇಗೋ ಬಂತು ಇದು?" ಎಂದು ಶ್ರೀನಿಧಿ ಕೇಳಿದರೆ "ವಿಡಿಯೋ ನೋಡಿ" ಎನ್ನುತ್ತಿದ್ದೆ. ಅದು ನಿಜವೇ, ನಮ್ಮ ಮನೆಯಲ್ಲಿ ಯಾರೂ ರೋಸ್ಟ್ ಮಾಡಿದವರಲ್ಲ. ಆದರೆ "ಮೊದಲ ಸಲ ತಿಂದಾಗ ನಂಗೂ ಒಂಥರಾ ಆಯ್ತು ಕಣೋ" ಎಂದು ಸೇರಿಸುತ್ತಿದ್ದೆನಲ್ಲ, ಅದು ನಿಜವಲ್ಲ. ಮೊದಲ ಸಲ ತಿಂದಾಗ ನನಗೆ ಹಲ್ಲು ಬಂದಿರಲಿಲ್ಲ, ಅವ್ವ ಅಗಿದು ಬಾಯಿಗಿಟ್ಟಿದ್ದಳು.

ನಿಮ್ಮದು ಯಾವ ಕಡೆ ಎಂದು ಆ ಅಂಗಳದಲ್ಲಿ ಎಲ್ಲರೂ ಕೇಳುವವರೇ. "ಮೈಸೂರು" ಎಂದರೆ "ಮೈಸೂರಲ್ಲಿ ಎಲ್ಲಿ?" ಎನ್ನುತ್ತಾರೆ, ಬಡಾವಣೆಯ ಹೆಸರು ಹೇಳಿದರೆ "ಓ, ಹಾಗಾದ್ರೆ ನೀವು…" ಎಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಕಾಯುತ್ತಾರೆ. ನಾನು ಆ ಖಾಲಿ ಜಾಗದಲ್ಲಿ ಹವಾಮಾನದ ಮಾತು ತುಂಬುತ್ತಿದ್ದೆ. ಮನೆಯಲ್ಲಿ ಅವ್ವ ಎನ್ನುವ ನಾನು ಅವರ ಮುಂದೆ ಫೋನಿನಲ್ಲಿ "ಹೇಳಮ್ಮ" ಎನ್ನುತ್ತಿದ್ದೆ. ಆ ಕಡೆಯಿಂದ ಅವ್ವ "ಜನ ಅವ್ರಾ? ಆಮೇಲ್ ಮಾಡ್ತೀನಿ ಬುಡು" ಎಂದು ಇಟ್ಟುಬಿಡುತ್ತಿದ್ದಳು.

ಆ ಬೇಸಿಗೆ ಅವಳೇ ಬಂದಳು. ಅಪ್ಪ ತೀರಿಹೋಗಿ ವರ್ಷವಾಗಿತ್ತು, ನನಗಿನ್ನೂ ಮದುವೆಯಾಗಿರಲಿಲ್ಲ. ಬಂದ ಮೊದಲ ವಾರವೇ "ಶನಿವಾರ ಶ್ರೀನಿಧಿ ಮನೆಯವರೆಲ್ಲ ಬರ್ತಾರೆ ಅವ್ವ, ಕೆಳಗೆ ರೋಸ್ಟ್ ಮಾಡ್ತೀನಿ" ಎಂದೆ. ಅವಳು ಅಕ್ಕಿ ಎಲ್ಲಿಟ್ಟಿದ್ದೀಯ ಎಂದು ಕೇಳಿದಳು. ನಾನು ಯಾಕೆ ಎಂದೆ. "ಹಿಟ್ಟು ರುಬ್ಬಬ್ಯಾಡ್ವಾ? ರೋಸ್ಟು ಅಂದಲ್ಲ?" ಮೈಸೂರಿನ ಹೋಟೆಲುಗಳಲ್ಲಿ ರೋಸ್ಟ್ ಎಂದರೆ ಗರಿಗರಿ ದೋಸೆ, ಅವಳಿಗೆ ಗೊತ್ತಿದ್ದದ್ದು ಅದೊಂದೇ. ನಾನು ನಕ್ಕು ಫ್ರಿಜ್ಜಿನ ಬಾಗಿಲು ತೆಗೆದು ತೋರಿಸಿದೆ. ಉಪ್ಪು ತಿಕ್ಕಿ ತಟ್ಟೆಯಲ್ಲಿಟ್ಟಿದ್ದ ತುಂಡನ್ನು ನೋಡಿದ್ದೇ ಅವಳ ಮುಖ ಅರಳಿತು.

"ದೊಡ್ಡದಾ ಮಗ?"

"ಅವ್ವ, ಮೆಲ್ಲಗೆ."

"ಇಲ್ಲೂ ಮೆಲ್ಲಗಾ?"

ನಾನು ಫ್ರಿಜ್ಜಿನ ಬಾಗಿಲು ಹಾಕಿದೆ. ಬರುವವರೂ ಇದನ್ನೇ ತಿನ್ನುತ್ತಾರೆ ಎಂದು ಹೇಳಬೇಕಿತ್ತು, ಯಾಕೋ ಹೇಳಲಿಲ್ಲ. ಅವಳಿಗೆ ಗೊತ್ತಾದದ್ದು ಇಷ್ಟೇ: ಮಗನ ಮನೆಗೆ ದೊಡ್ಡ ಜಾತಿಯ ಜನ ಬರುತ್ತಿದ್ದಾರೆ, ಮಗ ಅವರಿಗೆ ಗೊತ್ತಾಗದಂತೆ ದೊಡ್ಡದನ್ನು ಬೇಯಿಸುತ್ತಿದ್ದಾನೆ. ಇಂಥ ಪರಿಸ್ಥಿತಿಯಲ್ಲಿ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಶನಿವಾರ ಮಧ್ಯಾಹ್ನ ರೋಸ್ಟನ್ನು ಸುಟ್ಟು, ಉರಿಯಿಲ್ಲದ ಬದಿಗೆ ಸರಿಸಿ, ಮುಚ್ಚಳ ಹಾಕಿದೆ. ಅವ್ವನನ್ನು ಅಲ್ಲೇ ಬೆಂಚಿನ ಮೇಲೆ ಕೂರಿಸಿ ಚಾಕು, ಫಾಯಿಲ್ ತರಲು ಮೇಲೆ ಹೋದೆ. ಇಳಿದು ಬರುವಷ್ಟರಲ್ಲಿ ಅಂಗಳದಲ್ಲಿ ಮೋಡ ಕವಿದಿತ್ತು. ಅವ್ವ ಗ್ರಿಲ್ಲಿನ ಮುಚ್ಚಳ ಎತ್ತಿ ಹಿಡಿದು, ಊರಿನಿಂದ ಸೂಟ್‌ಕೇಸಿನಲ್ಲಿ ತಂದಿದ್ದ ಸಾಂಬ್ರಾಣಿ ಪುಡಿಯನ್ನು ಉರಿಯಿರುವ ಬದಿಗೆ ಮುಷ್ಟಿ ಮುಷ್ಟಿ ಹಾಕುತ್ತಿದ್ದಳು. ಸುತ್ತಲಿನ ಬಾಲ್ಕನಿಗಳಲ್ಲಿ ನಮ್ಮ ದೇಶದವರೇ ಒಬ್ಬೊಬ್ಬರಾಗಿ ಹೊರಬಂದು ಬಗ್ಗಿ ನೋಡುತ್ತಿದ್ದರು.

"ಇದ್ರಲ್ಲಿ ಕೆಂಡಾನೇ ಇಲ್ವಲ್ಲ ಮಗ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಆದ್ರೂ ವಾಸ್ನೆ ಮುಚ್ಚೋಯ್ತು ನೋಡು."

ಅಷ್ಟರಲ್ಲಿ ವಿದ್ಯಾ ಪುಳಿಯೋಗರೆಯ ಡಬ್ಬಿ ಹಿಡಿದು ಮೆಟ್ಟಿಲಿಳಿದು ಬಂದಳು, ಅವಳ ಹಿಂದೆ ಶ್ರೀನಿಧಿ, ಇನ್ನಿಬ್ಬರು ಗೆಳೆಯರು. ವಿದ್ಯಾ ಹೊಗೆಯನ್ನು ನೋಡಿದಳು, ಅವ್ವನ ಕೈಯಲ್ಲಿದ್ದ ಪೊಟ್ಟಣ ನೋಡಿದಳು, ಅವಳ ಮುಖ ಮೃದುವಾಯಿತು. "ಅಯ್ಯೋ ಅಮ್ಮ, ನಿಮಗೆ ಈ ನಾನ್‌ವೆಜ್ ವಾಸನೆ ಆಗಲ್ಲ ಅಲ್ವಾ? ನೋಡಿ, ಇವ್ರೆಲ್ಲ ಸೇರಿ ನಿಮ್ಮನ್ನ ಇಲ್ಲಿ ಕೂರಿಸಿಬಿಟ್ಟಿದಾರೆ."

ಅವ್ವ ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ, ಅವಳಿಗೆ ಗೊತ್ತಾಯಿತು. ನಾನು ಬಾಯಿ ತೆರೆಯಲಿಲ್ಲ, ಕಣ್ಣಲ್ಲೂ ಸನ್ನೆ ಮಾಡಲಿಲ್ಲ, ಫಾಯಿಲ್ ಹಿಡಿದು ನಿಂತಿದ್ದೆ ಅಷ್ಟೆ. ಅವ್ವ ಸೆರಗು ಹೊದ್ದುಕೊಂಡು ವಿದ್ಯಾಳ ಕಡೆ ತಿರುಗಿ, ನಾನು ಎಂದೂ ಕೇಳಿರದ ಮೆತ್ತನೆಯ ದನಿಯಲ್ಲಿ ಹೇಳಿದಳು: "ಹೂಂ ಕಣವ್ವ. ನಂಗಾಗಕಿಲ್ಲ. ನಾವು ಇಂಥದ್ನೆಲ್ಲ ಕಂಡೋರಲ್ಲ."

ನಾಚಿಕೆ ಎಂಬ ಪದವನ್ನು ನಾವು ಎಷ್ಟೊಂದು ಕಡೆ ಬಳಸುತ್ತೇವೆ. ಅವತ್ತು ನನಗಾದದ್ದಕ್ಕೆ ಅದು ಸಾಲದು. ಅವಳು ಮೈಸೂರಿನಲ್ಲಿ ಬಾಡಿಗೆ ಮನೆಗಾಗಿ ಹೇಳಿದ್ದ ಸುಳ್ಳನ್ನು ಸಮುದ್ರ ದಾಟಿ ಬಂದು ನನಗಾಗಿ ಮತ್ತೆ ಹೇಳಿದಳು, ಅದೂ ನಾನು ಕೇಳದೆಯೇ. ಅಲ್ಲಿ ಅವಳಿಗೆ ಬೇರೆ ದಾರಿ ಇರಲಿಲ್ಲ. ಇಲ್ಲಿ ನಾನಿದ್ದೆ.

ವಿದ್ಯಾ ಅವ್ವನ ಕೈ ಹಿಡಿದು ಅಂಗಳದ ಆ ತುದಿಗೆ, ಮೇಪಲ್ ಮರದ ಕೆಳಗೆ ಕರೆದುಕೊಂಡು ಹೋದಳು. ಮೇಲೆ ಓಡಿಹೋಗಿ ಮೊಸರನ್ನ ಕಲಸಿ ತಂದಳು, ತನ್ನ ತಾಯಿಯ ಕಾಲದ ಬೆಳ್ಳಿ ಬಟ್ಟಲನ್ನು ಬೇರೆಯಾಗಿ ತೊಳೆದು ಅದರಲ್ಲಿ ಬಡಿಸಿದಳು. ಈ ಕಡೆ ನಾನು ರೋಸ್ಟ್ ಕೊಯ್ದೆ. ಶ್ರೀನಿಧಿ ಒಂದು ಚೂರು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದ. "ಏನೋ ಹೊಸಾ ಫ್ಲೇವರ್ ಮಗಾ! ಯಾವ ವುಡ್ ಚಿಪ್ಸ್ ಹಾಕ್ದೆ?" ಎಲ್ಲರೂ ಚಪ್ಪರಿಸಿದರು. ಯಾರೋ ಒಬ್ಬ ಮರದ ಕಡೆ ತಿರುಗಿ ಕೂಗಿದ: "ಅಮ್ಮಾ, ನಿಮ್ಮ ಮಗ ಬಿ.ಇ. ಸೂಪರಾಗಿ ಮಾಡ್ತಾನೆ!"

ಅವ್ವ ಬಟ್ಟಲು ಕೆಳಗಿಟ್ಟು ಎದ್ದು ನಿಂತಳು. "ಹೂಂ ಕಣಪ್ಪ, ಫಸ್ಟ್ ಕ್ಲಾಸಲ್ಲಿ ಮಾಡ್ದ. ಅವ್ರಪ್ಪ ಹೊಟ್ಟೆ ಬಟ್ಟೆ ಕಟ್ಟಿ ಓದಿಸ್ದ."

ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರೂ ನಗುವುದನ್ನು ಕಂಡು ಅವ್ವನೂ ನಕ್ಕಳು. ನಾನೂ ನಕ್ಕೆ. ನಗುತ್ತಲೇ ಮತ್ತೆರಡು ಚೂರು ಕೊಯ್ದು ಯಾರ ತಟ್ಟೆಗೋ ಹಾಕಿದೆ.

ಪಾತ್ರೆ ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ಅವ್ವ ಕೇಳಿದಳು. "ಅವ್ರೂ ದೊಡ್ಡದೇ ತಿಂದ್ರಾ?"

"ಹೂಂ."

"ಅವ್ರು ತಿಂದ್ರೆ ಏನೂ ಆಗಕಿಲ್ವಾ?"

"ಇಲ್ಲ ಅವ್ವ."

"ಮತ್ತೆ ನಾವು?"

ಬೀಗದ ಕೈ ಹುಡುಕುವ ನೆಪದಲ್ಲಿ ನಾನು ಜೇಬು ತಡಕಾಡಿದೆ. ಅವರು ತಿಂದರೆ ಅದು ಶನಿವಾರದ ತಮಾಷೆ, ನಾವು ತಿಂದರೆ ಅದು ನಮ್ಮ ಜಾತಿ. ಇದನ್ನು ಈಗ ಬರೆಯುವುದು ಸುಲಭ. ಮಿಕ್ಕಿದ್ದನ್ನೆಲ್ಲ ಗೆಳೆಯರು ಡಬ್ಬಿಗೆ ತುಂಬಿಕೊಂಡು ಹೋಗಿದ್ದರು, ಅವಳಿಗೆ ಅಂತ ಒಂದು ಚೂರೂ ಉಳಿದಿರಲಿಲ್ಲ. "ನಾಳೆ ನಿನಗೇ ಅಂತ ಮಾಡ್ತೀನಿ" ಎಂದೆ. "ಬ್ಯಾಡ ಮಗ. ಆ ಹುಡ್ಗಿ ಯಾವಾಗ್ ಬಂದ್‌ಬುಡ್ತಳೋ" ಎಂದಳು.

ಅವಳು ಹೇಳಿದ್ದು ಸರಿಯಾಗಿತ್ತು. ವಿದ್ಯಾ ದಿನಾ ಬಂದಳು. ಅವಳ ತಾಯಿ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ, ಅವ್ವನ ಪಕ್ಕ ಕೂತರೆ ಏಳುತ್ತಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿಸಿಕೊಂಡಳು, ಅವ್ವನ ಕೈತುತ್ತು ತಿಂದಳು. ಅವ್ವನೂ ಅವಳನ್ನು ಹಚ್ಚಿಕೊಂಡಳು. ಊರಿಗೆ ಮರಳುವವರೆಗೆ ಅವ್ವ ನನ್ನ ಮನೆಯಲ್ಲಿ ಮೊಟ್ಟೆಯನ್ನೂ ಒಡೆಯಲಿಲ್ಲ. ವಿದ್ಯಾ ಏಕಾದಶಿಯ ವಿಷಯ ಕೇಳುತ್ತಾಳೆಂದು ಕ್ಯಾಲೆಂಡರ್ ನೋಡಿ ಏಕಾದಶಿ ಯಾವತ್ತೆಂದು ಕಲಿತಳು. ಒಮ್ಮೆ ಲೆಕ್ಕ ತಪ್ಪಿ ದ್ವಾದಶಿಯ ದಿನ ಉಪವಾಸ ಮಾಡಿಬಿಟ್ಟಳು. "ಅಮ್ಮ, ಇವತ್ತು ಪಾರಣೆ ಅಲ್ವಾ?" ಎಂದು ವಿದ್ಯಾ ಬೆರಗಾದರೆ, "ನಮ್ಮ ಕಡೆ ಒಂದಿನ ತಡ ಕಣವ್ವ" ಎಂದಳಂತೆ. ಇದನ್ನು ನನಗೆ ಹೇಳಿಕೊಂಡು ಅವ್ವ ನಕ್ಕಳು. ನನಗೆ ನಗು ಬಂತು, ಆದರೆ ಹಸಿದುಕೊಂಡು ಕೂತವಳು ಅವಳು ಎಂಬುದೂ ನೆನಪಾಯಿತು. ಅವ್ವ ಊರಿಗೆ ಹೋದ ಮೇಲೂ ಪ್ರತಿ ಭಾನುವಾರ ವಿದ್ಯಾ ಅವಳಿಗೆ ಫೋನು ಮಾಡುತ್ತಾಳೆ. ಏಳೆಂಟು ವರ್ಷವಾಯಿತು, ತಪ್ಪಿಲ್ಲ. ಹೇಳಿಬಿಡಬೇಕು ಎಂದು ನಾನು ಅಂದುಕೊಂಡಾಗಲೆಲ್ಲ ಆ ಭಾನುವಾರದ ಫೋನು ಅಡ್ಡ ಬರುತ್ತಿತ್ತು. ಅಥವಾ ಅದನ್ನು ನಾನೇ ಅಡ್ಡ ಇಟ್ಟುಕೊಳ್ಳುತ್ತಿದ್ದೆ.

ಪಕ್ಕದ ಮನೆಯ ಹೊಗೆ ಬಂದ ಆ ಶನಿವಾರ ತೋಳು ಮೂಸಿಕೊಂಡು ನಿಂತವನಿಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಮುಂದಿನ ವಾರ ಶ್ರೀನಿಧಿ ಒಬ್ಬನೇ ಬಂದ, ಈಗ ಅವನೂ ನನ್ನ ಹಾಗೇ ಸ್ನೊಕ್ವಾಲ್ಮಿಯ ಈ ಗುಡ್ಡದ ಮೇಲೆ ಮನೆ ಮಾಡಿದ್ದಾನೆ. ನಾನು ರೋಸ್ಟ್ ಕೊಯ್ದು ಅವನ ತಟ್ಟೆಗಿಟ್ಟು, ನಿಂತುಕೊಂಡೇ ಎಲ್ಲ ಹೇಳಿದೆ. ನಮ್ಮ ಕೇರಿ, ಓನರಮ್ಮ, ಭಾನುವಾರ, ಸಾಂಬ್ರಾಣಿ. ಮೊದಲು ತಮಾಷೆಯೆಂದುಕೊಂಡು ನಕ್ಕ. ಆಮೇಲೆ ಫೋರ್ಕನ್ನು ತಟ್ಟೆಯ ಅಂಚಿಗಿಟ್ಟ.

"ನಂಗೇನೂ ಇಲ್ಲ ಕಣೋ," ಎಂದ. "ಆದ್ರೆ ವಿದ್ಯಾಗೆ ಹೇಳ್ಬೇಡ. ಅವ್ಳು ಅಮ್ಮನ್ನ ದೇವ್ರ ಥರ ಇಟ್ಕೊಂಡಿದಾಳೆ."

ನಮ್ಮ ಮನೆಯ ಸುಳ್ಳನ್ನು ಕಾಯಲು ಬಸವನಗುಡಿಯಿಂದಲೂ ಒಬ್ಬ ಆಳು ಸಿಕ್ಕಿದ. ಅವತ್ತೇ ಅವ್ವನಿಗೆ ಫೋನು ಮಾಡಿ, ಶ್ರೀನಿಧಿಗೆ ಹೇಳಿದ್ದನ್ನೂ ಅವನು ಹೇಳಿದ್ದನ್ನೂ ತಿಳಿಸಿದೆ. ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ. "ಆ ಹುಡ್ಗಿ ನನ್ನ ಕೈತುತ್ತು ತಿಂದವಳೆ ಮಗ," ಎಂದಳು. ಆಮೇಲೆ, "ನಾನೇ ಯೋಳ್ತೀನಿ. ಯೋಳಿದ್ ಸುಳ್ಳು ನಂದು. ನೀನ್ ನಡುವೆ ಬರಬ್ಯಾಡ" ಎಂದಳು.

ಭಾನುವಾರ ವಿದ್ಯಾ ಫೋನು ಮಾಡುವ ಹೊತ್ತು ಕಳೆದ ಮೇಲೆ ಅವ್ವನ ನಂಬರು ಒತ್ತಿದೆ. ಎಂಗೇಜ್. ಕಾಫಿ ಮಾಡಿಕೊಂಡು ಕುಡಿದು ಮತ್ತೆ ಒತ್ತಿದೆ. ಆಗಲೂ ಎಂಗೇಜ್. ಮನೆಯೊಳಗೆ ಓಡಾಡಿದೆ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಕೊನೆಗೆ ಅವಳೇ ಮಾಡಿದಳು.

"ಯೋಳ್ದೆ," ಎಂದಳು.

"ಏನಂದ್ಲು ಅವ್ವ?"

"ಫೋನ್ ಇಟ್‌ಬುಟ್ಲೇನೋ ಅನ್ಕಂಡೆ. ಆಮೇಲೆ ಅತ್ಲು. ಅತ್ಕಂಡು, 'ಅಮ್ಮ, ಅವತ್ತು ನಿಮಗೆ ಆ ಮೊಸರನ್ನದಲ್ಲಿ ಹೊಟ್ಟೆ ತುಂಬಿತ್ತಾ?' ಅಂತ ಕೇಳುದ್ಲು."

"ನೀನೇನಂದೆ?"

"ತುಂಬಿತ್ತು ಕಣವ್ವ ಅಂದೆ. ಅದೊಂದ್ ಸುಳ್ಳು ಇರ್ಲಿ ಅಂತ ಉಳಿಸ್ಕಂಡೆ."

ಆಮೇಲೆ ಅವ್ವ ನಲ್ಲಿಯಲ್ಲಿ ನೀರು ಬರುವ ಹೊತ್ತಾಯಿತೆಂದು ಫೋನಿಟ್ಟಳು. ನಾನು ಅಡುಗೆಮನೆಯಲ್ಲೇ ಕೂತಿದ್ದೆ. ಇಷ್ಟು ವರ್ಷ ಅಂಗಳದ ಆ ಶನಿವಾರವನ್ನು ನೆನೆದು ನಾಚಿದವನು ನಾನು. ನನ್ನ ಮುಖ ಹೇಗಿತ್ತು, ಯಾರು ಏನು ತಿಳಿದುಕೊಂಡರು, ಯಾರು ಯಾಕೆ ನಕ್ಕರು ಎಂದು ತಿರುಗಿಸಿ ಮುರುಗಿಸಿ ನೋಡಿದ್ದೆ. ಅವತ್ತು ಅವ್ವನಿಗೆ ಹೊಟ್ಟೆ ತುಂಬಿತ್ತೇ ಎಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.